ಡ್ರೈ ನೀಡ್ಲಿಂಗ್: ಸೂಜಿಗಿಂತ ಮೊದಲು ಬೆರಳಿನ ಕೆಲಸ

ಭುಜದ ಮುಂಭಾಗದಲ್ಲಿ ನೋವು ಅಂತ ಬರುತ್ತಾರೆ. ನಾನು ಬೆನ್ನಿನ ಕಡೆಗೆ ಹೋಗಿ, ಹೆಗಲ ಮೂಳೆಯ ಮೇಲೆ ಬೆರಳಿಟ್ಟು ಒತ್ತುತ್ತೇನೆ. "ಹಾಂ, ಅದೇ ನೋವು, ಅದೇ!" ಅಂತಾರೆ. ಆದರೆ ಅವರ ಕೈ ಮಾತ್ರ ಭುಜದ ಮುಂಭಾಗವನ್ನೇ ಹಿಡಿದಿರುತ್ತದೆ. ಇದು ಇನ್‌ಫ್ರಾಸ್ಪಿನೇಟಸ್ ಅನ್ನುವ ಸ್ನಾಯುವಿನ ಕಾಟ. ಅದು ಇರುವುದು ಹಿಂದೆ, ನೋವು ಕಾಣಿಸುವುದು ಮುಂದೆ. ಇಂಥ ಸ್ನಾಯುವಿನ ನೋವಿನ ಜಾಗಕ್ಕೆ ಔಷಧಿಯಿಲ್ಲದ ತೆಳು ಸೂಜಿ ಚುಚ್ಚುವ ಚಿಕಿತ್ಸೆಯೇ ಡ್ರೈ ನೀಡ್ಲಿಂಗ್. ಅದರ ಹೆಸರೆತ್ತಿದರೆ ಎಲ್ಲರೂ ಸೂಜಿಯ ಬಗ್ಗೆಯೇ ಕೇಳುತ್ತಾರೆ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಬೆರಳಿನದ್ದು.

ಮೈಮುರಿದು ದುಡಿದೋ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತೋ, ಪೆಟ್ಟು ಬಿದ್ದೋ ಸ್ನಾಯುವಿನ ಕೆಲವು ಎಳೆಗಳು ಬಿಗಿದುಕೊಳ್ಳುತ್ತವೆ. ಎಳೆಗಳಿಗೆ ಅಡ್ಡಲಾಗಿ ಬೆರಳು ಆಡಿಸಿದರೆ ಮೆತ್ತಗಿನ ಮಾಂಸದ ನಡುವೆ ಗಟ್ಟಿ ಪಟ್ಟಿಯೊಂದು ಸಿಗುತ್ತದೆ. ಅದರ ಉದ್ದಕ್ಕೂ ಒತ್ತುತ್ತಾ ಹೋದರೆ ಒಂದು ಕಡೆ ಮುಟ್ಟಿದ ಕೂಡಲೇ ಜೀವ ಹೋದಂತಾಗುತ್ತದೆ. ಜನ ಅದನ್ನು ಗಂಟು ಅಂತಾರೆ, ನಾವು ಟ್ರಿಗರ್ ಪಾಯಿಂಟ್ ಅಂತೀವಿ. ಕತ್ತು-ಹೆಗಲ ನಡುವಿನ ಟ್ರಪೀಜಿಯಸ್‌ನಲ್ಲಿ ಗಂಟಿದ್ದರೆ ನೋವು ಕತ್ತಿನ ಪಕ್ಕದಿಂದ ಹತ್ತಿ ಕಣತಲೆಗೆ ಹೋಗುತ್ತದೆ. ಸೊಂಟದ ಪಕ್ಕದಲ್ಲಿ ಆಳದಲ್ಲಿರುವ ಗ್ಲೂಟಿಯಸ್ ಮಿನಿಮಸ್ ಕಾಲಿನುದ್ದಕ್ಕೂ ನೋವು ಇಳಿಸುತ್ತದೆ. ಇದನ್ನು ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗುವವರಿದ್ದಾರೆ.

ಯಾವ ಸ್ನಾಯುವಿನ ನೋವು ಎಲ್ಲಿಗೆ ಹೋಗುತ್ತದೆ ಅಂತ ವಿವರವಾಗಿ ಗುರುತು ಮಾಡಿದವರು ಅಮೆರಿಕದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್. ಟ್ರಾವೆಲ್ ಅವರು ಅಧ್ಯಕ್ಷ ಕೆನಡಿಯವರ ವೈದ್ಯೆಯೂ ಆಗಿದ್ದರು. ಅವರು ಗಂಟಿಗೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಡುತ್ತಿದ್ದರು. 1979ರಲ್ಲಿ ಕರೆಲ್ ಲೆವಿಟ್ ಅನ್ನುವ ಜೆಕ್ ವೈದ್ಯರು, ಔಷಧಿ ಇಲ್ಲದೆ ಬರೀ ಸೂಜಿ ಸರಿಯಾದ ಜಾಗಕ್ಕೆ ತಾಗಿದರೂ ನೋವು ಇಳಿಯುತ್ತದೆ ಎಂದು ಬರೆದರು. ಇವತ್ತು ನಾವು ಮಾಡುವುದರ ಬೇರು ಅಲ್ಲಿದೆ. ಅಕ್ಯುಪಂಕ್ಚರ್‌ಗೂ ಇದಕ್ಕೂ ಸೂಜಿ ಹೆಚ್ಚುಕಮ್ಮಿ ಒಂದೇ, ಚುಚ್ಚುವ ಲೆಕ್ಕ ಬೇರೆ. ನಾವು ಸ್ನಾಯು, ನರ, ಮೂಳೆ ನೋಡಿ ಚುಚ್ಚುತ್ತೇವೆ.

ಸೂಜಿಗೆ ಹೆದರುವವರಿಗೆ ಒಂದು ಮಾತು. ಸಾಮಾನ್ಯವಾಗಿ ಬಳಸುವ ಸೂಜಿ 0.25ರಿಂದ 0.30 ಮಿಲಿಮೀಟರ್ ದಪ್ಪ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳಿಲ್ಲ. ಚರ್ಮ ದಾಟುವುದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆಮೇಲೆ. ಗಂಟಿಗೆ ತುದಿ ತಾಗಿದಾಗ, ನೀರಿನಿಂದ ಎತ್ತಿದ ಮೀನು ಒಮ್ಮೆ ಒದ್ದಾಡಿದ ಹಾಗೆ ಆ ಪಟ್ಟಿ ಪಟ್ಟಂತ ಮಿಡುಕುತ್ತದೆ. ನಾವು ಬೇಕಂತ ಮಾಡುವುದಲ್ಲ, ತಡೆಯುವುದಕ್ಕೂ ಆಗುವುದಿಲ್ಲ. ಬೆನ್ನುಹುರಿಯ ಮೂಲಕ ನಡೆದುಹೋಗುವ ಪ್ರತಿಕ್ರಿಯೆ ಅದು. ಒಂದು ಕ್ಷಣ ಸೆಳೆತ, ಆಮೇಲೆ ಮಂಕಾದ ನೋವು. ಕೆಲವರು ಬೈತಾರೆ, ಕೆಲವರಿಗೆ ನಗು ಬರುತ್ತದೆ. ಈ ಮಿಡುಕು ಬಂದರೇ ಗುಣ ಅಂತ ಹತ್ತಾರು ಸಲ ಕುಕ್ಕುವವರೂ ಇದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಸುಮ್ನೆ ಮರುದಿನದ ನೋವು ಜಾಸ್ತಿಯಾಗುತ್ತದೆ, ಅಷ್ಟೇ.

ಹಾಗಾದರೆ ಇದು ನಿಜಕ್ಕೂ ಕೆಲಸ ಮಾಡುತ್ತದಾ? ಕೆಲವು ದಿನ, ಕೆಲವು ವಾರಗಳ ಮಟ್ಟಿಗೆ ನೋವು ಇಳಿಸುತ್ತದೆ ಅನ್ನುವುದಕ್ಕೆ ತಕ್ಕಮಟ್ಟಿಗೆ ಪುರಾವೆ ಇದೆ. ತಿಂಗಳುಗಳ ನಂತರ ನೋಡಿದರೆ ಬೇರೆ ಫಿಸಿಯೋಥೆರಪಿಗಿಂತ ದೊಡ್ಡ ಲಾಭ ಕಾಣುವುದಿಲ್ಲ. ಒಳಗೆ ಏನು ನಡೆಯುತ್ತದೆ ಅನ್ನುವುದರ ಬಗ್ಗೆ ತಜ್ಞರಲ್ಲೇ ಜಗಳವಿದೆ. ಇನ್ನೊಂದು ಮುಜುಗರದ ಸಂಗತಿ: ಒಬ್ಬರೇ ರೋಗಿಯನ್ನು ಇಬ್ಬರು ಪರೀಕ್ಷಿಸಿದರೆ, ಗಂಟು ಎಲ್ಲಿದೆ ಅನ್ನುವುದರಲ್ಲಿ ಇಬ್ಬರ ಬೆರಳೂ ಒಂದೇ ಜಾಗ ತೋರಿಸುತ್ತದೆ ಅನ್ನುವ ಖಾತರಿಯಿಲ್ಲ.

ಅದಕ್ಕೇ ನಾನು ಸೂಜಿಯನ್ನು ಒಂದು ಅವಕಾಶ ಅಂತಷ್ಟೇ ನೋಡುತ್ತೇನೆ. ಚುಚ್ಚಿದ ಜಾಗ ಒಂದೆರಡು ದಿನ ಜಜ್ಜಿದ ಹಾಗೆ ನೋಯಬಹುದು, ಸಣ್ಣಗೆ ನೀಲಿಗಟ್ಟಬಹುದು. ಅದು ಕಳೆದ ಮೇಲೆ ಕತ್ತು ಸಲೀಸಾಗಿ ತಿರುಗುತ್ತದೆ ಅಂದರೆ, ಆ ದಿನಗಳಲ್ಲೇ ಆ ಸ್ನಾಯುವಿಗೆ ವ್ಯಾಯಾಮ ಕೊಟ್ಟು ಬಲ ತುಂಬಬೇಕು. ಕೂರುವ ಭಂಗಿ ಆಗಾಗ ಬದಲಾಗಬೇಕು. ಇದ್ಯಾವುದನ್ನೂ ಮಾಡದೆ ಎರಡು ವಾರಕ್ಕೊಮ್ಮೆ ಬಂದು ಅದೇ ಗಂಟಿಗೆ ಚುಚ್ಚಿಸಿಕೊಂಡು ಹೋಗುವವರಿದ್ದಾರೆ. ಹಾಗೆ ಚುಚ್ಚುತ್ತಲೇ ಇರುವವರೂ ಇದ್ದಾರೆ. ಮೂರು-ನಾಲ್ಕು ಸಲ ಆದರೂ ನೋವು ಅಲ್ಲೇ ವಾಪಸ್ ಬರುತ್ತಿದ್ದರೆ ನಾನು ಸೂಜಿ ಕೆಳಗಿಟ್ಟು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡುತ್ತೇನೆ. ಮೂಲ ಬೇರೆಲ್ಲೋ ಇರುತ್ತದೆ. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ತೊಡೆಸಂದಿಯಲ್ಲಿ ಮರಗಟ್ಟುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಇದ್ದರಂತೂ ಸೂಜಿಯ ಮಾತೇ ಬೇಡ. ಮೊದಲು ವೈದ್ಯರ ಹತ್ತಿರ ಹೋಗಿ. ಕೊನೆಯ ಎರಡಕ್ಕೆ ಅದೇ ದಿನ, ತುರ್ತು ಚಿಕಿತ್ಸೆಗೇ.

ಅಪಾಯದ ಬಗ್ಗೆ ಹೇಳಲೇಬೇಕಾದದ್ದು ಶ್ವಾಸಕೋಶದ ವಿಷಯ. ಹೆಗಲ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ, ಎದೆಯ ಪಕ್ಕದಲ್ಲಿ ಸ್ನಾಯು ತೆಳು. ಅದರ ಕೆಳಗೇ ಪಕ್ಕೆಲುಬು, ಶ್ವಾಸಕೋಶ. ಸೂಜಿ ಅಲ್ಲಿಗೆ ಮುಟ್ಟಿದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುತ್ತದೆ. ಅಪರೂಪ, ಆದರೆ ಆಗಿದೆ. ಅದಕ್ಕೇ ಟ್ರಪೀಜಿಯಸ್‌ಗೆ ಚುಚ್ಚುವಾಗ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಮಾಂಸವನ್ನು ಎತ್ತಿ ಹಿಡಿದು, ಎದೆಗೂಡಿನಿಂದ ದೂರ ಎಳೆದು, ಆ ಹಿಡಿತದೊಳಗೇ ಸೂಜಿ ಹಾಕುತ್ತೇವೆ. ಉಸಿರು ಕಟ್ಟಿದಂತಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಒಣಕೆಮ್ಮು ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಲಕ್ಷಣಗಳು ಮನೆಗೆ ಹೋಗಿ ಕೆಲವು ಗಂಟೆ ಆದ ಮೇಲೂ ಬರಬಹುದು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಹಿಂದೆ ಸೂಜಿ ನೋಡಿ ತಲೆ ತಿರುಗಿ ಬಿದ್ದಿದ್ದರೆ ಮೊದಲೇ ಹೇಳಿ. ಚುಚ್ಚುವ ಜಾಗದಲ್ಲಿ ಸೋಂಕಿದ್ದರೆ ಅದು ವಾಸಿಯಾಗುವವರೆಗೆ ಕಾಯಿರಿ. ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆಯಬೇಕು, ಬಳಸಿದ ಸೂಜಿ ಮತ್ತೆ ಬಳಸುವ ಹಾಗಿಲ್ಲ. ಇನ್ನೊಂದು ಪ್ರಶ್ನೆ ಕೇಳುವುದಕ್ಕೆ ಸಂಕೋಚ ಬೇಡ: "ಚುಚ್ಚುವ ಜಾಗದ ಕೆಳಗೆ ಏನಿದೆ?" ನಾಲ್ಕು ಮಾತಲ್ಲಿ ಉತ್ತರ ಬರದಿದ್ದರೆ ಆ ಮಂಚದ ಮೇಲೆ ಮಲಗಬೇಡಿ.