ಐರ್ಲೆಂಡಿನ ಹೋರಾಟ: ಹಡಗು ಯಾರದು, ದುಡ್ಡು ಯಾರದು?

ಬ್ರಿಟಿಷರ ವಿರುದ್ಧ ಐರ್ಲೆಂಡಿಗೆ ಹೊರಗಿನಿಂದ ಬೆಂಬಲ ಕೊಟ್ಟವರು ಯಾರು? ಜರ್ಮನಿ ಅನ್ನುವವರಿದ್ದಾರೆ, ಅಮೆರಿಕ ಅನ್ನುವವರಿದ್ದಾರೆ. ಎಂಬತ್ತರ ದಶಕದ ಪೇಪರ್ ಓದಿದವರು ಲಿಬಿಯಾ ಅನ್ನುತ್ತಾರೆ. ಮೂರೂ ನಿಜ. ಆದರೆ ಸರ್ಕಾರಗಳು ಕೊಟ್ಟ ಬೆಂಬಲ ಬೇರೆ, ವಲಸೆ ಹೋದ ಐರಿಷರು ಕೊಟ್ಟದ್ದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದಾಗಲೇ ಗೋಜಲು ಶುರುವಾಗುವುದು.

ಸರ್ಕಾರಗಳ ಕತೆ ಹಳೆಯದು. 1601ರಲ್ಲಿ ಸ್ಪೇನಿನ ಸೈನ್ಯ ದಕ್ಷಿಣ ತುದಿಯ ಕಿನ್ಸೇಲ್‌ನಲ್ಲಿ ಇಳಿಯಿತು. ಐರಿಷ್ ನಾಯಕರಿದ್ದದ್ದು ಉತ್ತರದಲ್ಲಿ. ಚಳಿಗಾಲದಲ್ಲಿ ಇಡೀ ದೇಶ ದಾಟಿ ಬಂದವರು ಸೋತು ಹೋದರು. 1796ರ ಡಿಸೆಂಬರಿನಲ್ಲಿ ಸುಮಾರು 14,000 ಸೈನಿಕರನ್ನು ಹೊತ್ತು ಫ್ರೆಂಚ್ ಹಡಗುಗಳು ಹೊರಟವು. ಐರಿಷ್ ನಾಯಕ ವುಲ್ಫ್ ಟೋನ್ ಕೂಡ ಅವುಗಳಲ್ಲಿದ್ದ. ಬಿರುಗಾಳಿ ಅವನ್ನು ಚದುರಿಸಿತು. ಬ್ಯಾಂಟ್ರಿ ಕೊಲ್ಲಿ ತಲುಪಿದವರೂ ದಡ ಕಾಣುತ್ತಿದ್ದರೂ ಇಳಿಯಲಾಗದೆ ವಾಪಸ್ ಹೋದರು. 1798ರಲ್ಲಿ ಐರಿಷರು ದಂಗೆ ಎದ್ದಾಗ ಫ್ರೆಂಚರು ಬಂದದ್ದು ಆಗಸ್ಟಿನಲ್ಲಿ, ಸುಮಾರು ಸಾವಿರ ಜನ. ಅಷ್ಟರಲ್ಲಿ ದೊಡ್ಡ ಕಾಳಗಗಳು ಮುಗಿದಿದ್ದವು.

1845ರ ನಂತರದ ಬರ ಲೆಕ್ಕವನ್ನೇ ಬದಲಿಸಿತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚು ಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಅಮೆರಿಕ ಸೇರಿದವರು ಸಿಟ್ಟನ್ನೂ ಜೊತೆಗೇ ಒಯ್ದರು. 1858ರಲ್ಲಿ ನ್ಯೂಯಾರ್ಕಿನಲ್ಲಿ ಬ್ರಿಟಿಷರನ್ನು ಐರ್ಲೆಂಡಿನಿಂದ ಓಡಿಸುವ ಗುರಿಯ ಫೀನಿಯನ್ ಸಂಘ ಹುಟ್ಟಿತು. ಲಂಡನ್ ದೂರ, ಬ್ರಿಟಿಷರ ಕೈಯಲ್ಲಿದ್ದ ಕೆನಡಾ ಪಕ್ಕದಲ್ಲೇ ಇತ್ತು. 1866ರಲ್ಲಿ ಅಲ್ಲಿಗೇ ನುಗ್ಗಿದರು. ಅದು ಕೈಗೂಡಲಿಲ್ಲ. ಕೈಗೂಡಿದ್ದು 1876ರಲ್ಲಿ. ವಲಸಿಗರ ಚಂದಾ ದುಡ್ಡಿನಲ್ಲಿ ಕ್ಯಾಟಲ್ಪಾ ಎಂಬ ತಿಮಿಂಗಿಲ ಬೇಟೆಯ ಹಡಗು ಕೊಂಡು, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಜೈಲಿನ ಆರು ಫೀನಿಯನ್ ಕೈದಿಗಳನ್ನು ಬಿಡಿಸಿಕೊಂಡು ಬಂದರು.

ಇನ್ನು ಮೊದಲ ಮಹಾಯುದ್ಧ. ಇಂಗ್ಲೆಂಡಿನ ಕಷ್ಟವೇ ಐರ್ಲೆಂಡಿನ ಅವಕಾಶ ಎಂಬ ಹಳೇ ಮಾತಿಗೆ ಇದಕ್ಕಿಂತ ಒಳ್ಳೆ ಕಾಲ ಬೇಕೇ? ಐರಿಷ್ ಹೋರಾಟಗಾರ ರೋಜರ್ ಕೇಸ್‌ಮೆಂಟ್ ಬರ್ಲಿನ್‌ಗೆ ಹೋಗಿ ಸೈನ್ಯ ಕೇಳಿದ. ಸೆರೆಸಿಕ್ಕ ಐರಿಷ್ ಸೈನಿಕರಿಂದ ಒಂದು ಪಡೆ ಕಟ್ಟಲು ಹೊರಟರೆ ಸೇರಿದವರು ಅರವತ್ತು ಜನರೂ ಇಲ್ಲ. ಜರ್ಮನಿ ಕಡೆಗೆ ಕೊಟ್ಟಿದ್ದು 20,000 ರೈಫಲ್ ಮತ್ತು 10 ಮಷಿನ್‌ಗನ್. ರೈಫಲ್‌ಗಳೂ ರಷ್ಯನ್ನರಿಂದ ಕಿತ್ತುಕೊಂಡವು. (ಇದಕ್ಕೂ ಎರಡು ವರ್ಷ ಮೊದಲು ಬ್ರಿಟನ್ ಜೊತೆಗೇ ಇರಬೇಕೆಂದ ಉತ್ತರದ ಅಲ್ಸ್ಟರಿನವರಿಗೂ ಬಂದೂಕು ಬಂದದ್ದು ಜರ್ಮನಿಯಿಂದಲೇ. ವ್ಯಾಪಾರಕ್ಕೆ ಪಕ್ಷವಿಲ್ಲ, ಅಲ್ವಾ?)

'ಔಡ್' ಎಂಬ ಆ ಹಡಗು ನಾರ್ವೆ ಹಡಗಿನ ವೇಷದಲ್ಲಿ 1916ರ ಏಪ್ರಿಲ್‌ನಲ್ಲಿ ಹೊರಟಿತು. ಅದು ಹೊರಟ ಮೇಲೆ ಡಬ್ಲಿನ್‌ನಿಂದ ಈಸ್ಟರಿಗೆ ದಂಗೆ ಏಳಲು ಹೊರಟಿದ್ದ ನಾಯಕರ ಸುದ್ದಿ ಹೋಯಿತು: ಈಸ್ಟರ್ ಭಾನುವಾರಕ್ಕೆ ಮೊದಲು ಬರಬೇಡಿ. ಆದರೆ ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ಟ್ರಾಲೀ ಕೊಲ್ಲಿಗೆ ಅದು ಮೂರು ದಿನ ಮೊದಲೇ ಬಂದು ಕಾಯಿತು. ದಡದಲ್ಲಿ ಒಬ್ಬರೂ ಇಲ್ಲ. ಬ್ರಿಟಿಷ್ ನೌಕಾಪಡೆ ಜರ್ಮನ್ ತಂತಿಗಳನ್ನು ಓದುತ್ತಿತ್ತು, ಹಡಗನ್ನು ಹಿಡಿಯಿತು. ಕಾರ್ಕ್ ಬಂದರಿನ ಹತ್ತಿರ ಕ್ಯಾಪ್ಟನ್ ಸ್ಪಿಂಡ್ಲರ್ ತಾನೇ ಹಡಗು ಮುಳುಗಿಸಿದ. ಹಿಂದಿನ ದಿನವಷ್ಟೇ ಕೇಸ್‌ಮೆಂಟ್ ಜರ್ಮನ್ ಸಬ್‌ಮರೀನಿನಿಂದ ಬಾನ್ನಾ ಕಡಲತೀರದಲ್ಲಿ ಇಳಿದಿದ್ದ. ಬಂದದ್ದು ದಂಗೆ ನಡೆಸಲಿಕ್ಕಲ್ಲ. ಈ ನೆರವು ಸಾಲದು, ದಂಗೆ ನಿಲ್ಲಿಸಿ ಎಂದು ಹೇಳಲಿಕ್ಕೆ. ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿದ್ದ, ಆಗಸ್ಟ್ 3ಕ್ಕೆ ಗಲ್ಲಾಯಿತು. ಡಬ್ಲಿನ್‌ನಲ್ಲಿ ದಂಗೆ ಎದ್ದವರು ಓದಿದ ಘೋಷಣೆಯಲ್ಲಿ ಮಾತ್ರ ಯುರೋಪಿನ ವೀರ ಮಿತ್ರರ ಬೆಂಬಲವಿದೆ ಎಂದೇ ಇತ್ತು.

ಅದೇ ಸಾಲಿನಲ್ಲಿ ಅಮೆರಿಕದ ಮಕ್ಕಳ ಹೆಸರೂ ಇತ್ತು. ಅವರು ಕೈಬಿಡಲಿಲ್ಲ. ನ್ಯೂಯಾರ್ಕಿನಲ್ಲೇ ಹುಟ್ಟಿದ ಐರಿಷ್ ನಾಯಕ ಡಿ ವಲೆರಾ 1919ರ ಜೂನ್‌ನಲ್ಲಿ ಅಲ್ಲಿಗೆ ಹೋಗಿ ಹದಿನೆಂಟು ತಿಂಗಳು ಊರೂರು ಸುತ್ತಿದರು. ಅಮೆರಿಕ ಸರ್ಕಾರ ಮಾನ್ಯತೆ ಕೊಡಲಿಲ್ಲ. ಜನ 50 ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟರು. ಹತ್ತು ಡಾಲರಿನ ಬಾಂಡ್ ಪತ್ರಗಳೂ ಇದ್ದವು. 1920ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಸ್ವಾತಂತ್ರ್ಯ ಬೆಂಬಲಿಗರ ಔತಣದಲ್ಲೂ ಡಿ ವಲೆರಾ ಮಾತಾಡಿದರು. ಅದೇ ವರ್ಷದ ಜೂನ್‌ನಲ್ಲಿ ಜಲಂಧರದಲ್ಲಿದ್ದ ಬ್ರಿಟಿಷ್ ಸೈನ್ಯದ ಕನಾಟ್ ರೇಂಜರ್ಸ್‌ನ ಐರಿಷ್ ಸೈನಿಕರು ಐರ್ಲೆಂಡಿನಲ್ಲಿ ಬ್ರಿಟಿಷರ ದಬ್ಬಾಳಿಕೆ ವಿರೋಧಿಸಿ ಬಂದೂಕು ಕೆಳಗಿಟ್ಟರು. ದಂಗೆಯ ಮುಂದಾಳು ಜೇಮ್ಸ್ ಡೇಲಿಯನ್ನು ದಗ್ಶಾಯಿಯಲ್ಲಿ ಗುಂಡಿಟ್ಟು ಕೊಂದರು.

ಆ ದುಡ್ಡಿನ ಒಂದು ಚೂರಿನ ಕತೆ ಸ್ವಾರಸ್ಯವಾಗಿದೆ. ಸೋವಿಯತ್ ಪ್ರತಿನಿಧಿಗಳು ಐರಿಷರಿಂದಲೇ 20,000 ಡಾಲರ್ ಸಾಲ ಪಡೆದು, ರಷ್ಯಾದ ರಾಜಮನೆತನದ ಒಡವೆಗಳನ್ನು ಗಿರವಿ ಇಟ್ಟರು! ಅವು ವರ್ಷಗಟ್ಟಲೆ ಡಬ್ಲಿನ್‌ನ ಡಿ ವಲೆರಾ ಜೊತೆಗಾರ ಹ್ಯಾರಿ ಬೋಲಂಡ್ ತಾಯಿಯ ಮನೆಯಲ್ಲಿದ್ದವು. ಬಿಡಿಸಿಕೊಂಡು ಹೋಗಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಐರ್ಲೆಂಡಿನ ಬಹುಭಾಗಕ್ಕೆ ಸ್ವಂತ ಆಡಳಿತದ 'ಸ್ವತಂತ್ರ ರಾಜ್ಯ' ಬಂದ ಮೇಲೆ ನಾಯಕರೇ ಎರಡು ಬಣವಾದರು. ಬ್ಯಾಂಕಿನಲ್ಲಿ ಉಳಿದ ಬಾಂಡ್ ದುಡ್ಡು ತಮ್ಮದೆಂದು ಇಬ್ಬರೂ ಕೋರ್ಟಿಗೆ ಹೋದರು. ಇಬ್ಬರಿಗೂ ಇಲ್ಲ, ಕೊಟ್ಟವರಿಗೇ ವಾಪಸ್ ಕೊಡಿ ಎಂದು 1927ರಲ್ಲಿ ನ್ಯೂಯಾರ್ಕ್ ಕೋರ್ಟ್ ಹೇಳಿತು.

1970ರ ನಂತರ, ಬ್ರಿಟನ್ ಕೈಯಲ್ಲೇ ಉಳಿದಿದ್ದ ಉತ್ತರ ಐರ್ಲೆಂಡಿನಲ್ಲಿ ಎರಡೂ ದಾರಿ ಮತ್ತೆ ತೆರೆದವು. ನೊರೇಡ್ ಸಂಸ್ಥೆ ಅಮೆರಿಕದಲ್ಲಿ ಚಂದಾ ಎತ್ತಿತು. ಅದು ಕೈದಿಗಳ ಕುಟುಂಬಕ್ಕೋ, ಬಂದೂಕಿಗೋ ಎಂಬ ಜಗಳ ಕೊನೆವರೆಗೂ ನಡೆಯಿತು. ಬ್ರಿಟನ್ ಮೇಲೆ ಸಿಟ್ಟಾಗಿದ್ದ ಲಿಬಿಯಾ ಅಲ್ಲಿನ ಸಶಸ್ತ್ರ ಸಂಘಟನೆ ಐಆರ್‌ಎಗೆ ಹಡಗುಗಳಲ್ಲೇ ಆಯುಧ ಕಳಿಸಿತು. 1987ರಲ್ಲಿ 'ಎಕ್ಸುಂಡ್' ಹಡಗನ್ನು ಫ್ರಾನ್ಸ್ ಹಿಡಿದಾಗ ಅದರಲ್ಲಿ ಸುಮಾರು 150 ಟನ್ ಸಿಕ್ಕಿತು. ಅದಕ್ಕೆ ಮೊದಲಿನ ಕೆಲವು ದಡ ಸೇರಿದ್ದವು. ಆ ಸ್ಫೋಟಕಗಳಿಗೆ ಬಲಿಯಾದವರ ಮನೆಯವರು ಲಿಬಿಯಾದಿಂದ ಪರಿಹಾರ ಕೇಳಲು ಶುರುಮಾಡಿ ವರ್ಷಗಳೇ ಆಗಿವೆ.