ಬರೆದವರೇ ಅಚ್ಚು ಹಾಕಿಸಿದರು, ಬರೆದವರೇ ಹೊತ್ತು ಮಾರಿದರು

ಹಳೆಯ ಕನ್ನಡ ಪುಸ್ತಕ ಯಾವುದಾದರೂ ಸಿಕ್ಕರೆ ಮುನ್ನುಡಿಗಿಂತ ಮೊದಲು ಶೀರ್ಷಿಕೆಯ ಹಿಂದಿನ ಪುಟ ನೋಡಿ. ಪ್ರಥಮ ಮುದ್ರಣ, ಪ್ರತಿಗಳು 1000, ಡೆಮಿ 1/8, ಕಾಗದ ಇಂಥದ್ದು, ಬೆಲೆ ಇಷ್ಟು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದರ ಕೆಳಗೆ ಪ್ರಕಾಶಕರ ಹೆಸರು. ಎಷ್ಟೋ ಪುಸ್ತಕಗಳಲ್ಲಿ ಆ ಜಾಗದಲ್ಲಿ ಇರುವುದು ಲೇಖಕರ ಹೆಂಡತಿಯ ಹೆಸರು, ಇಲ್ಲವೇ ಮಗಳ ಹೆಸರಿಗೆ ಒಂದು 'ಪ್ರಕಾಶನ' ಅಂಟಿಸಿದ್ದು. ವಿಳಾಸ ನೋಡಿದರೆ ಮನೆಯದೇ. ಇಷ್ಟನೇ ಕ್ರಾಸ್, ಇಷ್ಟನೇ ಮೇನ್. ಸೆಲ್ಫ್ ಪಬ್ಲಿಷಿಂಗ್ ಅನ್ನುವುದು ಮೊನ್ನೆ ಮೊನ್ನೆ ಇಂಟರ್‌ನೆಟ್ಟಿನಿಂದ ಇಳಿದು ಬಂದ ಸಂಗತಿ ಅಂತ ಮಾತಾಡುವವರಿಗೆ ಈ ಒಂದು ಪುಟ ತೋರಿಸಿದರೆ ಸಾಕು.

ಕನ್ನಡದಲ್ಲಿ ಲೇಖಕರೇ ಪ್ರಕಾಶಕರಾಗುವುದು ನೂರು ವರ್ಷಕ್ಕೂ ಹಳೆಯ ರೂಢಿ. ಯಾರೂ ಅಚ್ಚು ಹಾಕಲಿಲ್ಲ ಅಂತ ಬೇಸತ್ತು ತಾವೇ ಹಾಕಿಸಿಕೊಂಡವರು ಇದ್ದಾರೆ. ಯಾರ ಹಂಗೂ ಬೇಡ ಅಂತ ಹಾಕಿಸಿಕೊಂಡವರೂ ಇದ್ದಾರೆ. ಆದರೆ ಅಚ್ಚು ಹಾಕಿಸುವುದು ಯಾವ ಕಾಲದಲ್ಲೂ ದೊಡ್ಡ ಕಷ್ಟ ಆಗಿರಲಿಲ್ಲ, ಸಾಲ ಮಾಡಿಯಾದರೂ ಅದು ಆಗಿಬಿಡುತ್ತಿತ್ತು. ಕಷ್ಟ ಇದ್ದದ್ದು ಆಮೇಲೆ, ಪ್ರೆಸ್ಸಿನಿಂದ ಮನೆಗೆ ಬಂದ ಕಟ್ಟುಗಳನ್ನು ಓದುಗರ ಕೈಗೆ ತಲುಪಿಸುವುದರಲ್ಲಿ. ಈ ಇತಿಹಾಸವನ್ನು ಆ ಕಡೆಯಿಂದ ನೋಡಿದರೇ ಸರಿಯಾಗಿ ಅರ್ಥವಾಗುತ್ತದೆ ಅಂತ ನನ್ನ ಅನಿಸಿಕೆ.

ಗಳಗನಾಥರಿಂದ ಶುರು ಮಾಡೋಣ. ವೆಂಕಟೇಶ ತಿರಕೋ ಕುಲಕರ್ಣಿ ಅವರ ಹೆಸರು, ಹುಟ್ಟಿದ್ದು 1869ರಲ್ಲಿ, ಹಾವೇರಿ ಸೀಮೆಯವರು. ಅದು ಮುಂಬಯಿ ಪ್ರಾಂತ್ಯದ ಕಾಲ. ಅಲ್ಲಿನ ಓದು ಬಲ್ಲ ಕನ್ನಡಿಗರ ಮನೆಗಳಲ್ಲಿ ಮರಾಠಿ ಪುಸ್ತಕಗಳೇ ಜಾಸ್ತಿ. ಶಾಲಾ ಮಾಸ್ತರಾಗಿದ್ದ ಇವರು ಕಾದಂಬರಿ ಬರೆದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಪತ್ರಿಕೆಯನ್ನು ನೋಡಿಕೊಂಡರು, ಕೊನೆಗೆ ತಮ್ಮ ಪುಸ್ತಕಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಈ ಕತೆ ಗೊತ್ತು. ನಾವು ಅದನ್ನು ತ್ಯಾಗದ ಕತೆ ಅಂತ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತೇವೆ, ಅಲ್ವಾ? ಸ್ವಲ್ಪ ಬೇರೆ ಥರ ನೋಡಿದರೆ ಅದು ವ್ಯಾಪಾರದ ಕತೆಯೂ ಹೌದು. ಊರಿನಲ್ಲಿ ಅಂಗಡಿ ಇಲ್ಲ, ಏಜೆಂಟ್ ಇಲ್ಲ, ಕನ್ನಡ ಪುಸ್ತಕ ದುಡ್ಡು ಕೊಟ್ಟು ಕೊಳ್ಳಬೇಕು ಅನ್ನುವ ಅಭ್ಯಾಸವೇ ಇಲ್ಲ. ಹಾಗಿದ್ದಾಗ ಓದುಗರ ಮನೆ ಬಾಗಿಲಿಗೆ ಹೋಗುವುದು ಬಿಟ್ಟು ಬೇರೆ ದಾರಿ ಯಾವುದಿತ್ತು?

ಅದೇ ಕಾಲದ ಇನ್ನೊಂದು ತುದಿಯಲ್ಲಿ ಮುದ್ದಣ ಇದ್ದರು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾವೇ ಬರೆದದ್ದನ್ನು ಯಾವುದೋ ಹಳೆಯ ಕವಿಯ ಓಲೆಗರಿ ಸಿಕ್ಕಿತು ಅನ್ನುವ ಹಾಗೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಅಚ್ಚಾಯಿತು, ಮೆಚ್ಚುಗೆಯೂ ಬಂತು, ಆದರೆ ಬರೆದವರು ಇವರೇ ಅಂತ ಲೋಕಕ್ಕೆ ಗೊತ್ತಾಗುವ ಹೊತ್ತಿಗೆ ಅವರು ಇರಲಿಲ್ಲ. 1901ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡಿದ್ದರು. ಬೇರೆಯವರ ಪತ್ರಿಕೆಯನ್ನೇ ನಂಬಿ ಹೆಸರು ಬಿಟ್ಟುಕೊಟ್ಟವರು ಒಬ್ಬರು, ತಲೆ ಮೇಲೆ ಗಂಟು ಹೊತ್ತವರು ಇನ್ನೊಬ್ಬರು. ಆಗ ಇದ್ದ ಆಯ್ಕೆ ಹೆಚ್ಚುಕಡಿಮೆ ಇಷ್ಟೇ.

ನಂಜನಗೂಡು ತಿರುಮಲಾಂಬ ಅವರ ಹೆಸರು ಈ ಮಾತಿನಲ್ಲಿ ಯಾಕೋ ಕಡಿಮೆ ಬರುತ್ತದೆ. ಬರಬೇಕು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, 1910ರ ದಶಕದಲ್ಲಿ 'ಸತೀ ಹಿತೈಷಿಣಿ' ಅಂತ ತಮ್ಮದೇ ಗ್ರಂಥಮಾಲೆ ಶುರು ಮಾಡಿದರು, ತಾವೇ ಬರೆದ ಕಾದಂಬರಿಗಳನ್ನು ಅದರಲ್ಲಿ ತಂದರು, 'ಕರ್ನಾಟಕ ನಂದಿನಿ' ಅನ್ನುವ ಪತ್ರಿಕೆಯನ್ನೂ ನಡೆಸಿದರು. ಬರಹಗಾರ್ತಿ, ಸಂಪಾದಕಿ, ಪ್ರಕಾಶಕಿ ಮೂರೂ ಒಬ್ಬರೇ. ಆ ಕಾಲದಲ್ಲಿ ಒಬ್ಬ ಹೆಂಗಸು ಹಸ್ತಪ್ರತಿ ಹಿಡಿದು ಪ್ರಕಾಶಕರ ಬಾಗಿಲಿಗೆ ಹೋಗಿ ನಿಲ್ಲುವುದನ್ನು ಊಹಿಸಿಕೊಳ್ಳಿ. ಸ್ವಂತ ಮಾಲೆ ಕಟ್ಟಿಕೊಂಡದ್ದರಿಂದಲೇ ಅವರ ಮಾತು ಅಚ್ಚಿಗೆ ಬಂತು. ಆಮೇಲೆ ಕನ್ನಡದ ಲೋಕ ಅವರನ್ನು ಬಹಳ ವರ್ಷ ಮರೆತೇಬಿಟ್ಟಿತ್ತು, ಅದು ಬೇರೆ ಮಾತು.

ಈ 'ಮಾಲೆ'ಯಲ್ಲಿ ಒಂದು ಜಾಣತನ ಇತ್ತು. ಓದುಗರು ಮೊದಲೇ ಚಂದಾ ಕಟ್ಟುತ್ತಾರೆ, ಪುಸ್ತಕ ಆದ ಹಾಗೆ ಅಂಚೆಯಲ್ಲಿ ಮನೆಗೆ ಬರುತ್ತದೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಇದೇ ರೂಢಿಯ ಹೆಸರುವಾಸಿ ಕೂಸು. ಚಂದಾದಾರರಲ್ಲದವರಿಗೆ ವಿ.ಪಿ.ಪಿ. ಇತ್ತು. ಪುಸ್ತಕ ಕಳಿಸಿದರೆ ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ಹಣ ವಸೂಲು ಮಾಡಿ ಕೊಡುತ್ತಿದ್ದ. ಯಾರಾದರೂ ಬೇಡ ಅಂತ ವಾಪಸ್ ಕಳಿಸಿದರೆ ಅಂಚೆ ಖರ್ಚು ಬರೆದವರ ತಲೆ ಮೇಲೆ. ಇವತ್ತಿನ ಪ್ರೀ-ಆರ್ಡರ್, ಕ್ಯಾಶ್ ಆನ್ ಡೆಲಿವರಿ ಎರಡೂ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಆಮೇಲಿನ ತಲೆಮಾರಿನ ದೊಡ್ಡವರಲ್ಲೂ ಇದು ಮುಂದುವರಿಯಿತು. ಕುವೆಂಪು ಅವರ ಪುಸ್ತಕಗಳು ಬಂದದ್ದು ಮೈಸೂರಿನ ಅವರ ಮನೆಯ ಹೆಸರನ್ನೇ ಇಟ್ಟುಕೊಂಡ ಉದಯರವಿ ಪ್ರಕಾಶನದಿಂದ. ಮಾಸ್ತಿ ಸರ್ಕಾರಿ ಕೆಲಸ ಬಿಟ್ಟ ಮೇಲೆ 'ಜೀವನ' ಪತ್ರಿಕೆ ನಡೆಸಿದರು, ಅವರ ಪುಸ್ತಕಗಳ ಮೇಲೆ ಜೀವನ ಕಾರ್ಯಾಲಯದ ಹೆಸರು ಇರುತ್ತಿತ್ತು. ಶಿವರಾಮ ಕಾರಂತರಂತೂ ಪುತ್ತೂರಿನಲ್ಲಿ ಕೂತು ಸ್ವಂತ ಪ್ರೆಸ್ಸನ್ನೇ ನಡೆಸಿದರು, ಮಗನ ಹೆಸರಿನಲ್ಲಿ ಹರ್ಷ ಪ್ರಕಟಣಾಲಯ ಮಾಡಿದರು. 1930ರ ದಶಕದಲ್ಲಿ ಮಕ್ಕಳಿಗಾಗಿ ವಿಶ್ವಕೋಶದಂಥ ದಪ್ಪ ಸಂಪುಟಗಳನ್ನು ಒಬ್ಬರೇ ಬರೆದು ತಂದ ಮನುಷ್ಯ ಅವರು. ಇಂಥ ಯೋಜನೆಯನ್ನು ಯಾವ ಪ್ರಕಾಶಕರ ಮುಂದಿಟ್ಟರೂ ಲೆಕ್ಕ ಹಾಕಿ ಕೈಮುಗಿಯುತ್ತಿದ್ದರು. ಯಾರೂ ಇವರನ್ನು 'ಸ್ವಂತ ಖರ್ಚಿನ ಲೇಖಕರು' ಅಂತ ಮೂಗು ಮುರಿದದ್ದು ನಾನು ಕೇಳಿಲ್ಲ. ಆ ಮೂಗು ಮುರಿಯುವ ಬುದ್ಧಿ ಈಚಿನದು.

ಅದು ಎಲ್ಲಿಂದ ಬಂತು ಅಂದರೆ, ನನ್ನ ಮಟ್ಟಿಗೆ ಉತ್ತರ ಲೈಬ್ರರಿ ಖರೀದಿಯಲ್ಲಿದೆ. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆಯ ಜತೆ ಲೈಬ್ರರಿ ಸೆಸ್, ಆ ಹಣದಲ್ಲಿ ಊರೂರಿಗೆ ಲೈಬ್ರರಿ. ಒಳ್ಳೆಯ ಕೆಲಸವೇ, ಹಳ್ಳಿಯ ಹುಡುಗ ಹುಡುಗಿಯರು ಎಷ್ಟೋ ಜನ ಓದಲು ಕಲಿತದ್ದೇ ಅಲ್ಲಿ. ಆದರೆ ಇಲಾಖೆ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ ಬೇರೂರಿದ ಮೇಲೆ ಒಂದು ವಿಚಿತ್ರ ಆಯಿತು. ಪುಟಕ್ಕೆ ಇಷ್ಟು ಅಂತ ಇಲಾಖೆಯೇ ದರ ಕಟ್ಟುತ್ತದೆ. 300 ಪ್ರತಿ ಹೋದರೆ ಅಸಲು ಬಂದ ಹಾಗೆ. ಹಾಗಾದರೆ ಓದುಗರನ್ನು ಹುಡುಕಿಕೊಂಡು ಹೋಗುವ ಶ್ರಮ ಯಾಕೆ ಅಂತ ಪ್ರಕಾಶಕರಿಗೂ ಅನ್ನಿಸಿತು, ಸ್ವಂತ ಪ್ರಕಾಶನದ ಲೇಖಕರಿಗೂ ಅನ್ನಿಸಿತು. ಹೆಂಡತಿ ಮಕ್ಕಳ ಹೆಸರಿನ ಪ್ರಕಾಶನಗಳು ಅಣಬೆಯ ಹಾಗೆ ಎದ್ದವು. ಅವುಗಳಲ್ಲಿ ಒಳ್ಳೆಯವೂ ಇದ್ದವು, ಸುಮ್ನೆ ಪುಟ ತುಂಬಿಸಿದವೂ ಇದ್ದವು. ಹೆಸರು ಕೆಟ್ಟದ್ದು ಮಾತ್ರ ಎಲ್ಲರದು.

ಆಮೇಲೆ ಆ ಬಾವಿಯೂ ಬತ್ತತೊಡಗಿತು. ಆಯ್ಕೆ ಪಟ್ಟಿ ತಡ, ಬಿಲ್ಲು ತಡ, ಸ್ಥಳೀಯ ಸಂಸ್ಥೆಗಳು ಜನರಿಂದ ಸೆಸ್ ತೆಗೆದುಕೊಂಡು ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ. ದೊಡ್ಡ ಪ್ರಕಾಶನ ಸಂಸ್ಥೆ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಪಿ.ಎಫ್. ಹಣ ತೆಗೆದು ಒಂದೇ ಪುಸ್ತಕ ಅಚ್ಚು ಹಾಕಿಸಿದವರು ತಡೆದುಕೊಳ್ಳುವುದು ಕಷ್ಟ.

ಲೈಬ್ರರಿಯ ಹೊರಗೆ ಓದುಗರನ್ನು ಹಿಡಿದವರು ಯಾರು ಅಂದರೆ ಪತ್ರಿಕೆ ಕೈಯಲ್ಲಿದ್ದವರು. ಲಂಕೇಶ್ 1980ರಲ್ಲಿ ತಮ್ಮ ಪತ್ರಿಕೆ ಶುರು ಮಾಡಿದರು, ಜಾಹೀರಾತು ಇಲ್ಲದೆ ಬರೀ ಓದುಗರ ಕಾಸಿನಲ್ಲಿ ನಡೆಸಿದರು, ಜತೆಗೆ ಪತ್ರಿಕೆ ಪ್ರಕಾಶನ ಬೆಳೆಯಿತು. 1995ರಲ್ಲಿ 'ಹಾಯ್ ಬೆಂಗಳೂರ್' ತಂದ ರವಿ ಬೆಳಗೆರೆ ಭಾವನಾ ಪ್ರಕಾಶನ ಮಾಡಿಕೊಂಡರು. ಇಬ್ಬರ ಬರಹದ ರುಚಿ ಬೇರೆ ಬೇರೆ, ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಇಬ್ಬರಿಗೂ ಇದ್ದ ಅನುಕೂಲ ಒಂದೇ. ಪ್ರತಿ ವಾರ ತಮ್ಮ ಮಾತಿಗೆ ಕಾಯುವ ಜನ ಇದ್ದರು, ಹೊಸ ಪುಸ್ತಕ ಬಂದಿದೆ ಅಂತ ಅವರಿಗೆ ನೇರವಾಗಿ ಹೇಳಬಹುದಿತ್ತು.

ಅಷ್ಟರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದಿತ್ತು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಬೆನ್ನು ಬಿದ್ದರು. ಅವರ ಪುಸ್ತಕಗಳು ಬರುತ್ತಿದ್ದದ್ದೂ ಗೆಳೆಯರ ಬಳಗದ ಪುಸ್ತಕ ಪ್ರಕಾಶನದಿಂದ. 1998ರಲ್ಲಿ 'ಬರಹ' ಅನ್ನುವ ತಂತ್ರಾಂಶ ಬಂತು, ಆಮೇಲೆ 'ನುಡಿ'. ಮನೆಯ ಕಂಪ್ಯೂಟರಿನಲ್ಲೇ ಕನ್ನಡ ಟೈಪ್ ಮಾಡುವುದು ಸಾಧ್ಯವಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ ಛಂದ ಪುಸ್ತಕ ಶುರು ಮಾಡಿದ್ದು ಈ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ತಮ್ಮ ಪುಸ್ತಕಗಳ ಜತೆಗೆ ಮೊದಲ ಕಥಾಸಂಕಲನ ತರುವ ಹೊಸಬರಿಗೆ ಸ್ಪರ್ಧೆ ಇಟ್ಟರು, ಮುಖಪುಟಕ್ಕೆ, ಕಾಗದಕ್ಕೆ, ತಿದ್ದುವುದಕ್ಕೆ ತಲೆ ಕೆಡಿಸಿಕೊಂಡರು. ಲೇಖಕರ ಸ್ವಂತ ಪ್ರಕಾಶನದ ಪುಸ್ತಕ ಅಂದರೆ ಸೊಟ್ಟ ಅಂಚು, ತಪ್ಪು ಅಕ್ಷರ ಅನ್ನುವ ಮಾತು ಅಲ್ಲಿಂದ ಸ್ವಲ್ಪ ತಗ್ಗಿತು.

ಇಂಟರ್‌ನೆಟ್ ಕೊಟ್ಟದ್ದು ಒಂದೇ ಥರದ್ದಲ್ಲ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದ ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಸೌಲಭ್ಯ ಕೊಟ್ಟಿತು. 2014ರಲ್ಲಿ ಶುರುವಾದ ಪ್ರತಿಲಿಪಿ ಜಾಲತಾಣದಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಕತೆ ಹಾಕಬಹುದು. ಆದರೆ 2016ರ ಕೊನೆಗೆ ಅಮೆಜಾನಿನ ಇಬುಕ್ ಅಂಗಡಿ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಭಾಷೆಗಳ ಸ್ವತಂತ್ರ ಲೇಖಕರು ರಾತ್ರೋರಾತ್ರಿ ಇಬುಕ್ ಮಾಡುತ್ತಿದ್ದರೆ ನಮ್ಮವರು ನೋಡುತ್ತ ಕೂರಬೇಕಾಯಿತು. 2020ರಲ್ಲಿ ಮೈಲ್ಯಾಂಗ್ ಆ್ಯಪ್ ಬಂದು ಇಬುಕ್, ಆಡಿಯೊ ಪುಸ್ತಕ ಎರಡಕ್ಕೂ ಒಂದು ಜಾಗ ಮಾಡಿತು. ಹಳೆಯ ನುಡಿ ಫೈಲುಗಳನ್ನು ಎಲ್ಲ ಕಡೆ ಓದಲು ಬರುವ ಯುನಿಕೋಡ್ ಅಕ್ಷರಕ್ಕೆ ತರುವ ಗೋಳು ಮಾತ್ರ ಉಳಿದೇ ಇದೆ. ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಇಡೀ ಪುಸ್ತಕವನ್ನು ಹೊಸದಾಗಿ ತಿದ್ದಬೇಕು.

ದುಡ್ಡಿನ ಮಾತಿಗೆ ಬರೋಣ, ಎಲ್ಲರೂ ಕೇಳುವುದು ಅದನ್ನೇ. ಅಂದಾಜಿಗೆ ಒಂದು ಲೆಕ್ಕ ಹಾಕಿ. ಪುಸ್ತಕದ ಬೆಲೆ ₹200 ಇಟ್ಟಿದ್ದೀರಿ, ಒಂದು ಪ್ರತಿಗೆ ₹75 ಖರ್ಚಾಗಿದೆ ಅಂತ ಇಟ್ಟುಕೊಳ್ಳಿ. ಅಂಗಡಿಗೆ ಶೇ 35 ಕಮಿಷನ್ ಬಿಟ್ಟರೆ ನಿಮಗೆ ಬರುವುದು ₹130, ಖರ್ಚು ಕಳೆದರೆ ₹55. ಅದೂ ಪುಸ್ತಕ ಮಾರಾಟವಾಗಿ, ಅಂಗಡಿಯವರು ಲೆಕ್ಕ ಕೊಟ್ಟು, ಹಣ ಕೊಟ್ಟ ಮೇಲೆ. ನೀವೇ ನೇರವಾಗಿ ಮಾರಿದರೆ ಅಂಚೆ ಖರ್ಚು ಕಳೆದೂ ಇದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಪ್ರಕಾಶಕರ ಮೂಲಕ ಹೋಗಿದ್ದರೆ ಶೇ 10 ರಾಯಲ್ಟಿ ಲೆಕ್ಕದಲ್ಲಿ ₹20, ಅದೂ ಎಷ್ಟೋ ಸಲ ಹಣದ ಬದಲು ಪುಸ್ತಕದ ರೂಪದಲ್ಲೇ ಬರುತ್ತದೆ. ಕಾಗದದ ಮೇಲೆ ಸ್ವಂತ ಪ್ರಕಟಣೆ ಗೆದ್ದ ಹಾಗೆ ಕಾಣುತ್ತದೆ. ಆದರೆ ಈ ಲೆಕ್ಕದಲ್ಲಿ ಮಂಚದ ಕೆಳಗೆ ಉಳಿದ ಕಟ್ಟುಗಳು ಸೇರಿಲ್ಲ, ಬಿಡುಗಡೆ ಸಮಾರಂಭದ ಹಾಲ್ ಬಾಡಿಗೆ ಮತ್ತು ಉಪ್ಪಿಟ್ಟು ಸೇರಿಲ್ಲ, 'ಒಂದು ಪ್ರತಿ ಕೊಡಿ ಸಾರ್, ಓದಿ ಅಭಿಪ್ರಾಯ ಹೇಳ್ತೀನಿ' ಅನ್ನುವವರಿಗೆ ಹೋದ ಗೌರವ ಪ್ರತಿಗಳು ಸೇರಿಲ್ಲ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಮುದ್ರಣದ ಬಿಲ್ಲಿನಲ್ಲಿ ತೆರಿಗೆ ಇರುತ್ತದೆ, ಅದನ್ನು ವಾಪಸ್ ಪಡೆಯುವ ದಾರಿ ಲೇಖಕರಿಗಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ತಿದ್ದುವವರು ಇಲ್ಲದಿರುವುದು. ಒಳ್ಳೆಯ ಪ್ರಕಾಶಕರು ಮಾಡುವ ಮುಖ್ಯ ಕೆಲಸ ಅಚ್ಚು ಹಾಕುವುದಲ್ಲ, 'ಈ ಅಧ್ಯಾಯ ಬೇಡ' ಅನ್ನುವುದು. ಸ್ವತಂತ್ರ ಲೇಖಕರಿಗೆ ಹಾಗೆ ಹೇಳುವವರು ಯಾರು? ಗೆಳೆಯರು ಹೇಳುವುದಿಲ್ಲ, ಮನೆಯವರು ಓದಿರುವುದೇ ಇಲ್ಲ. ಖರ್ಚು ಉಳಿಸಬೇಕು ಅಂದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಪ್ರೂಫ್ ನೋಡುವವರ ಸಂಬಳಕ್ಕೆ. ಮುಖಪುಟದ ಮೇಲೆ ಸುರಿಯುವ ಹಣದಲ್ಲಿ ಅರ್ಧ ಅಲ್ಲಿಗೆ ಕೊಟ್ಟರೆ ಪುಸ್ತಕದ ಆಯಸ್ಸು ಜಾಸ್ತಿಯಾಗುತ್ತದೆ.

ಹಾಗಾದರೆ ಯಾಕೆ ಮಾಡುತ್ತಾರೆ? ಸಂತೋಷ ಇದೆ, ಅದಕ್ಕೆ. ಹಕ್ಕು ಪೂರ್ತಿ ನಿಮ್ಮದೇ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅಂದರೆ ಆಡಿಯೊ, ಅನುವಾದ, ಸಿನಿಮಾ ಯಾವುದು ಯಾರಿಗೆ ಅಂತ ನಿರ್ಧರಿಸುವುದು ನೀವು, ಆಮೇಲೆ ನಿಮ್ಮ ಮಕ್ಕಳು. ಪುಸ್ತಕ ಮುಗಿದರೆ ಮರುಮುದ್ರಣಕ್ಕೆ ಯಾರ ಮರ್ಜಿಯೂ ಬೇಡ. ಇನ್ನೊಂದು ಇದೆ, ಅದನ್ನು ಅನುಭವಿಸಿದವರೇ ಹೇಳಬೇಕು. ಫೇಸ್‌ಬುಕ್ಕಿನಲ್ಲಿ ಒಂದು ಗೂಗಲ್ ಫಾರ್ಮ್ ಹಾಕಿ, ಯುಪಿಐ ನಂಬರ್ ಕೊಟ್ಟು, ಬಂದ ಹೆಸರುಗಳನ್ನು ಲಕೋಟೆಯ ಮೇಲೆ ಬರೆಯುತ್ತ ಕೂತಾಗ ಮುದ್ದೇಬಿಹಾಳ, ಕುಂದಾಪುರ, ದುಬೈ ಅಂತ ವಿಳಾಸಗಳು ಬರುತ್ತವೆ. ಓದುಗರು ಯಾರು ಅಂತ ಹೆಸರು ಸಮೇತ ಗೊತ್ತಾಗುವುದು ಪ್ರಕಾಶಕರ ಮೂಲಕ ಹೋದವರಿಗೆ ಸಿಗದ ಭಾಗ್ಯ.

ಹೊಸದಾಗಿ ಇಳಿಯುವವರಿಗೆ ಎರಡು ಮೂರು ಅನುಕೂಲಗಳಿವೆ, ಬಹಳ ಜನಕ್ಕೆ ಗೊತ್ತಿಲ್ಲ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಪುಕ್ಕಟೆ, ಲೇಖಕರು ತಾವೇ ಅರ್ಜಿ ಹಾಕಬಹುದು. ಅದಕ್ಕೆ ಹಣ ಕೇಳುವವರಿಂದ ದೂರ ಇರಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. 1954ರ ಕಾಯ್ದೆಯ ಪ್ರಕಾರ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಾಲ್ಕು ಲೈಬ್ರರಿಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಇದು ಅನುಕೂಲ ಅಲ್ಲ, ಕರ್ತವ್ಯ. ಆದರೆ ನಿಮ್ಮ ಮನೆಯ ಕಟ್ಟುಗಳನ್ನು ಗೆದ್ದಲು ತಿಂದರೂ ಅಲ್ಲೊಂದು ಪ್ರತಿ ಇರುತ್ತದೆ.

ಇನ್ನು ಅಂಚೆ. ಲೇಖಕರು ನೆಚ್ಚಿಕೊಂಡಿದ್ದ, ಕಡಿಮೆ ದರದಲ್ಲಿ ಪುಸ್ತಕ ಕಳಿಸುವ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಸಣ್ಣ ಪ್ರಕಾಶಕರು ಗಲಾಟೆ ಮಾಡಿದರು, ಕಾರಣವೂ ಇತ್ತು. ₹150ರ ಪುಸ್ತಕಕ್ಕೆ ಅದರ ಅರ್ಧದಷ್ಟು ಅಂಚೆ ಖರ್ಚು ಬಂದರೆ ಯಾರು ಕೊಳ್ಳುತ್ತಾರೆ? 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಅಂತ ಬೇರೆ ಸೇವೆ ಬಂದಿದೆ. 300 ಗ್ರಾಂ ತನಕ ₹20, 5 ಕಿಲೋಗೆ ₹100, ಮೇಲೆ ತೆರಿಗೆ. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮಕ್ಕೆ ಸಂಬಂಧಿಸಿದ ಪುಸ್ತಕಗಳಿಗೆ ಅಂತ ನಿಯಮ ಹೇಳುತ್ತದೆ. ಕತೆ, ಕವಿತೆಯ ಪುಸ್ತಕ ಇದರಲ್ಲಿ ಯಾವುದಕ್ಕೆ ಸೇರುತ್ತದೆ ಅಂತ ಕೌಂಟರಿನಲ್ಲಿ ಕೇಳಿದರೆ ಸಂಸ್ಕೃತಿ ಅನ್ನಿ.