ಸದ್ಯಕ್ಕೆ ಇಲ್ಲೇ ಇರ್ತೀವಿ

"ಮನೆ ಮಾರೋ ಯೋಚನೆ ಬಿಟ್ಟೆವು ಸಾರ್. ಸದ್ಯಕ್ಕೆ ಇಲ್ಲೇ ಇರ್ತೀವಿ."

ಹಳೆಯ ಮನೆಗಳನ್ನು ತಟ್ಟಿ ನೋಡಿ ಏನು ರಿಪೇರಿ ಬೇಕು ಅಂತ ಹೇಳುವುದು ನನ್ನ ಕೆಲಸ. ಈ ಮಾತು ಕೇಳಿದ ತಕ್ಷಣ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಸದ್ಯಕ್ಕೆ ಅಂದ್ರೆ ಎಷ್ಟು ವರ್ಷ?" ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ "ಅದೆಲ್ಲ ಇರಲಿ, ಈ ಗೋಡೆಗೆ ಏನು ಮಾಡೋದು ಹೇಳಿ" ಅನ್ನುತ್ತಾರೆ. ಅದು ಗೊತ್ತಾಗದೆ ಗೋಡೆಗೆ ಏನು ಮಾಡಬೇಕು ಅಂತ ನಾನಾದರೂ ಹೇಗೆ ಹೇಳಲಿ?

ಮನೆ ಯಾಕೆ ಮಾರಾಟವಾಗಲಿಲ್ಲ ಅನ್ನುವುದು ನನ್ನ ವಿಷಯ ಅಲ್ಲ. ಅದಕ್ಕಾಗಿ ಕೊರಗುವವರಿಗೆ ಒಂದು ಮಾತು ಮಾತ್ರ ಹೇಳುತ್ತೇನೆ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್‌ನಲ್ಲಿ 1990ರ ದಶಕದಲ್ಲಿ ಮಾರಾಟಕ್ಕಿದ್ದ ಫ್ಲ್ಯಾಟ್‌ಗಳ ಲೆಕ್ಕ ನೋಡಿ 2001ರಲ್ಲಿ ಬರೆದಿದ್ದರು. ಕೊಂಡ ಬೆಲೆಯೂ ಹುಟ್ಟದ ಸ್ಥಿತಿಯಲ್ಲಿದ್ದವರು ಜಾಸ್ತಿ ಬೆಲೆ ಹೇಳುತ್ತಿದ್ದರು, ಅವರ ಮನೆ ಬಿಕರಿಯಾಗುವುದೂ ತಡವಾಗುತ್ತಿತ್ತು. ಅಂದರೆ ಹಟ ಹಿಡಿದವರು ನೀವೊಬ್ಬರೇ ಅಲ್ಲ. ಸರಿ, ಈಗ ಗೋಡೆಗೆ ಬರೋಣ.

ಮಾರಾಟಕ್ಕಿಟ್ಟು ವಾಪಸ್ ತೆಗೆದುಕೊಂಡ ಮನೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಬಣ್ಣ ಹೊಸದು, ನಲ್ಲಿ ಸೋರುತ್ತದೆ. ಗೋಡೆಯ ಫೋಟೋಗಳೆಲ್ಲ ಡಬ್ಬದಲ್ಲಿ, ಮೊಳೆಯ ತೂತಿಗೆ ಪುಟ್ಟಿ. ಬರುವವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಒದ್ದೆ ಗೋಡೆಯ ಮೇಲೇ ಬಣ್ಣ ಬಳಿಸಿರುತ್ತಾರೆ. ಕೊಳ್ಳುವವರು ಹೋದರು, ಬಣ್ಣದ ಹಿಂದಿನ ನೀರು ಎಲ್ಲಿಗೆ ಹೋಗುತ್ತದೆ? ಅದು ಇಟ್ಟಿಗೆಯಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಬಣ್ಣವನ್ನೂ ಪ್ಲಾಸ್ಟರನ್ನೂ ಒಳಗಿನಿಂದ ತಳ್ಳುತ್ತದೆ. ಆರು ತಿಂಗಳಿಗೆ ಗೋಡೆ ಉಬ್ಬಿದರೆ ಪೇಂಟರನ್ನು ಬೈಯುತ್ತಾರೆ. ಪಾಪ, ಅವನೇನು ಮಾಡಿಯಾನು.

ಇನ್ನು ಕೆಲವರದು ಇದರ ತದ್ವಿರುದ್ಧ. ನೋಡಲು ಬಂದವರು "ಅಡುಗೆಮನೆ ಚಿಕ್ಕದು" ಅಂದರಂತೆ. ಇವರು ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ಆರಾಮಾಗಿದ್ದರು. ಈಗ ಗೋಡೆ ಒಡೆಸಬೇಕಂತೆ! ಬಾರದೆ ಹೋದ ಗಿರಾಕಿಯ ಆಸೆಗೆ ಯಾಕೆ ದುಡ್ಡು ಸುರಿಯುತ್ತೀರಿ? ಆದರೆ ಅವರು ಹೇಳಿದ್ದನ್ನೆಲ್ಲ ತಳ್ಳಿಹಾಕಬೇಡಿ. ಬೇರೆ ಬೇರೆ ಮೂವರು "ಮುಗ್ಗಲು ವಾಸನೆ" ಅಂದಿದ್ದರೆ ನಂಬಿ. ದಿನವೂ ಅಲ್ಲೇ ಇರುವ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ.

ಮತ್ತೆ ‘ಸದ್ಯಕ್ಕೆ’ಗೆ ಬರುತ್ತೇನೆ, ಯಾಕಂದ್ರೆ ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುವುದಿಲ್ಲ. ಎರಡು ವರ್ಷ ಇರುವ ಮನೆಗೂ ಹತ್ತು ವರ್ಷ ಇರುವ ಮನೆಗೂ ರಿಪೇರಿ ಬೇರೆ ಬೇರೆ. ಎರಡೇ ವರ್ಷ ಅಂದರೆ ತಾರಸಿಯ ಬಿರುಕಿಗೆ ತೇಪೆ ಹಾಕಿ ನೀರು ತಡೆದರೆ ಸಾಕಾಗಬಹುದು. ಹತ್ತು ವರ್ಷ ಅಂದರೆ ತಾರಸಿಯ ವಾಟರ್‌ಪ್ರೂಫಿಂಗ್ ಪೂರ್ತಿ ಹೊಸದಾಗಿ ಆಗಬೇಕು, ಹಳೇ ಪೈಪು ಬದಲಾಗಬೇಕು. ಆ ಲೆಕ್ಕದಲ್ಲಿ ನಿಮಗೆ ಬೇಕಾದ ಕಿಟಕಿಯನ್ನೂ ಇಡಿಸಿಕೊಳ್ಳಿ, ಯಾರು ಬೇಡ ಅಂತಾರೆ? ‘ಸದ್ಯಕ್ಕೆ’ ಅನ್ನುವವರು ಇದೂ ಮಾಡುವುದಿಲ್ಲ, ಅದೂ ಮಾಡುವುದಿಲ್ಲ. "ಹೇಗೂ ಮಾರೋದೇ ಅಲ್ವಾ" ಅಂತ ಎರಡು ವರ್ಷ, ಆಮೇಲೆ ಇನ್ನೆರಡು ವರ್ಷ.

ಕಾಂಕ್ರೀಟಿನೊಳಗಿನ ಕಬ್ಬಿಣ ಮಾತ್ರ ನಿಮ್ಮ ತೀರ್ಮಾನಕ್ಕೆ ಕಾಯುವುದಿಲ್ಲ. ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣವನ್ನು ಕಾಪಾಡುತ್ತಿರುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಹೊಕ್ಕ ಹಾಗೆಲ್ಲ ಆ ಗುಣ ಕಡಿಮೆಯಾಗುತ್ತದೆ. ಜೊತೆಗೆ ನೀರೂ ಸೇರಿದರೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಜಾಗ ಎಲ್ಲಿದೆ? ಕಾಂಕ್ರೀಟು ಸೀಳುತ್ತದೆ, ಸೀಳಿನಿಂದ ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಹಾಗಾಗಿ ಎಷ್ಟೇ ಕಡಿಮೆ ದಿನ ಇರುವುದಾದರೂ ಸ್ಲ್ಯಾಬಿನಿಂದ ಚಕ್ಕೆ ಉದುರುತ್ತಿದ್ದರೆ ತಡ ಮಾಡಬೇಡಿ. ಹಾಗಂತ ಇದನ್ನು ಓದಿ ನಾಳೆಯೇ ಗೋಡೆ ಕೆತ್ತಿಸಲು ಹೋಗಬೇಡಿ. ಎಲ್ಲ ಬಿರುಕೂ ತುಕ್ಕಿನದಲ್ಲ, ಬರೀ ಪ್ಲಾಸ್ಟರಿನದೂ ಇರುತ್ತದೆ. ಖುದ್ದಾಗಿ ಯಾರಾದರೂ ತಟ್ಟಿ ನೋಡಬೇಕು.

ಹೋದ ವರ್ಷ ಒಂದು ಮನೆಗೆ ಹೋಗಿದ್ದೆ. ಹದಿನಾಲ್ಕು ತಿಂಗಳು ಮಾರಾಟಕ್ಕಿಟ್ಟು ಸುಸ್ತಾಗಿದ್ದ ದಂಪತಿ. ನನ್ನ ಪ್ರಶ್ನೆಗೆ ಯಜಮಾನರು "ಎರಡು ವರ್ಷ" ಅಂದರು. ಅದೇ ಉಸಿರಿನಲ್ಲಿ ಆಕೆ "ಹತ್ತು" ಅಂದರು. ಹದಿನಾಲ್ಕು ತಿಂಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಇದನ್ನು ಕೇಳಿಯೇ ಇರಲಿಲ್ಲ! ನಾನು ತಾರಸಿಗೆ ಹೋಗಿ ಬೇಕಂತಲೇ ಅರ್ಧ ಗಂಟೆ ಕಳೆದೆ. ಕೆಳಗೆ ದನಿ ಏರಿತು, ಇಳಿಯಿತು. ಬಂದು ನೋಡಿದರೆ ಆಕೆ ಡಬ್ಬ ಬಿಚ್ಚಿ ಫೋಟೋಗಳನ್ನು ಒರೆಸುತ್ತಿದ್ದರು.

"ಹತ್ತು ವರ್ಷ ಅಂತ ಬರ್ಕೊಳ್ಳಿ" ಅಂದರು ಯಜಮಾನರು, ಸ್ವಲ್ಪ ಮುನಿಸಿನಲ್ಲೇ.

"ಈ ಗೋಡೆಗೆ ಮೊಳೆ ಹೊಡೀಬಹುದಾ?" ಆಕೆ ಕೇಳಿದರು.

ಬಾತ್‌ರೂಮಿಗೆ ಅಂಟಿಕೊಂಡ ಒಂಬತ್ತು ಇಂಚಿನ ಗೋಡೆ ಅದು. ಸೋರಿಕೆ ನಿಂತ ಮೇಲೂ ಒಂದು ಇಂಚು ಒಣಗಲು ಸುಮಾರು ಒಂದು ತಿಂಗಳು ಬೇಕು ಅನ್ನುವುದು ನಮ್ಮ ಕಸುಬಿನ ಒರಟು ಲೆಕ್ಕ.

"ಇದು ಒಣಗೋಕೆ ತಿಂಗಳುಗಳೇ ಬೇಕು ಅಮ್ಮ. ಅಲ್ಲೀವರೆಗೆ ಎದುರು ಗೋಡೆಗೆ ಹೊಡೀರಿ" ಅಂದೆ.